ಸಾವುಕಾರರ ಹೆಸರಿನ ಶ್ವಾಸಕೋಶ

"ಇದು ಮಿದುಳು," ಎಂದು ಡಾಕ್ಟರ್ ಅಂಬರೀನ್ ಪರದೆಯ ಮೇಲೆ ಪೆನ್ನಿನ ತುದಿ ಇಟ್ಟರು. "ಇಲ್ಲಿ ಕತ್ತಲಿ ಇರಬೇಕಿತ್ರಿ. ಬೆಳಕು ಕಾಣಾಕತ್ತೈತಿ. ಅದ ತೊಂದರಿ."

ಪಿಎಸ್‌ಐ ಅನ್ನಪೂರ್ಣಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಕಪ್ಪು ಪರದೆಯ ಮೇಲೆ ಮನುಷ್ಯನೊಬ್ಬನ ಒಳಗು ಚುಕ್ಕೆ ಚುಕ್ಕೆಯಾಗಿ ಹೊಳೆಯುತ್ತಿತ್ತು. ಎರಡು ಶ್ವಾಸಕೋಶಗಳು ಗಾಢವಾಗಿ, ಅವುಗಳ ಮೇಲೆ ತಲೆಯ ಆಕಾರ ತೆಳುವಾಗಿ. ಮೂಲೆಯಲ್ಲಿ ಹೆಸರು: ಮಡಿವಾಳೆಪ್ಪ.

ಆ ಹೆಸರಿನವರು ಈಗ ಮಣ್ಣಿನಲ್ಲಿದ್ದರು. ಬೈಲಹೊಂಗಲದ ಹತ್ತಿ ವ್ಯಾಪಾರಿ ಮಡಿವಾಳೆಪ್ಪ ಸಾವುಕಾರರು ಮನೆಯಲ್ಲೇ ಸಲೈನ್ ಹಚ್ಚಿಸಿಕೊಂಡು ಮಲಗಿದ್ದಾಗ ರಕ್ತನಾಳಕ್ಕೆ ಗಾಳಿ ಹೊಕ್ಕು ಸತ್ತಿದ್ದರು. ಸಲೈನ್ ಹಚ್ಚಿದ ನರ್ಸ್ ಖಾಲಿದ್ ಬೇಕೆಂದೇ ಗಾಳಿ ಬಿಟ್ಟನೆಂಬ ಆರೋಪ ಹೊತ್ತು ಜೈಲಿನಲ್ಲಿದ್ದ.

ಖಾಲಿದ್ ಕೊಲೆಗಾರನಲ್ಲ ಎಂದು ಅನ್ನಪೂರ್ಣಾಳ ಮನಸ್ಸು ಹೇಳುತ್ತಿತ್ತು. ಆದರೆ ಮನಸ್ಸನ್ನು ಲಕೋಟೆಯಲ್ಲಿ ಹಾಕಿ ಕೋರ್ಟಿಗೆ ಕಳಿಸಲಾಗುವುದಿಲ್ಲ. ಕಳಿಸಬಹುದಾದದ್ದು ಈ ಚಿತ್ರವೊಂದೇ. ನಾಳೆ ಜಾಮೀನಿನ ವಿಚಾರಣೆ ಇತ್ತು.

"ನನಗ ತಿಳಿಯೋಹಂಗ ಹೇಳ್ರಿ, ಡಾಕ್ಟರ್. ಕೋರ್ಟಿನಾಗ ನಾ ತಪ್ಪಿ ಹೇಳಬಾರದು."

"ತೋಳಿನ ನರದಾಗ ಸಣ್ಣ ಸಣ್ಣ ಕಣ ಬಿಡ್ತೇವ್ರಿ. ಅವಕ್ಕ ಸ್ವಲ್ಪ ವಿಕಿರಣ ಹಚ್ಚಿರ್ತೇವಿ, ಕ್ಯಾಮೆರಾಕ್ಕ ಕಾಣಲಿ ಅಂತ. ರಕ್ತದ ಕೂಡ ಅವು ಶ್ವಾಸಕೋಶಕ್ಕ ಹೋಗ್ತಾವ. ಅಲ್ಲಿ ನಾಳ ಕೂದಲಕ್ಕಿಂತ ಸಣ್ಣ. ಕಣ ದಾಟೂದಿಲ್ಲ, ಅಲ್ಲೇ ಸಿಕ್ಕೊಂಡು ಕುಂದರ್ತಾವ. ಜರಡಿ ಇದ್ಹಂಗ."

"ಇಲ್ಲಿ ಜರಡಿ ಹರದೈತಿ?"

"ಹರದಿಲ್ಲ. ಜರಡಿ ಬಾಜೂಕ ಒಂದು ಕಳ್ಳದಾರಿ ಆಗೈತಿ. ರಕ್ತ ಶುದ್ಧ ಆಗದನ ಸೀದಾ ಆಕಡಿ ದಾಟಿ ಮೈತುಂಬ ಹರೀತದ. ಕಣಾನೂ ಅದರ ಬೆನ್ನ ಹತ್ತಿ ಮಿದುಳಿಗೆ ಹೋಗ್ಯಾವ."

"ಹಂಗಾದ್ರ ಒಂದು ಸಣ್ಣ ಗಾಳಿ ಗುಳ್ಳಿ ಹೋದ್ರೂ?"

"ನಿಮಗ ನನಗ ಸಣ್ಣ ಗುಳ್ಳಿ ಹೋದ್ರ ಏನೂ ಆಗೂದಿಲ್ಲ. ಶ್ವಾಸಕೋಶದಾಗ ನಿಂತು ಕರಗ್ತದ. ಈ ಮನುಷ್ಯಾಗ ಸೀದಾ ತಲಿಗೆ ಹೋಗ್ತದ. ಇಂಥಾವರಿಗೆ ಸಲೈನ್ ಹಚ್ಚಬೇಕಾದ್ರ ನಾವ ಹೆದರ್ತೇವಿ. ಪಾಪ, ಊರ ನರ್ಸಿಗೆ ಏನ್ ಗೊತ್ತಿರ್ತದ?"

ಅನ್ನಪೂರ್ಣಾಳಿಗೆ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿದಂತಾಯಿತು. ಕೊಲೆಯಲ್ಲ. ಕೈತಪ್ಪು. ಯಾವ ನರ್ಸಿನ ಕೈಯಲ್ಲೂ ನಡೆಯಬಹುದಾದ ಅಷ್ಟು ಸಣ್ಣ ಕೈತಪ್ಪು.

ಅಷ್ಟಕ್ಕೇ ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಅವಳು ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿಯುವವಳು. ಮನೆಗೆ ಬೀಗ ಹಾಕಿದ ಮೇಲೂ ತಿರುಗಿ ಬಂದು ಜಗ್ಗಿ ನೋಡುವ ಜೀವ.

"ಕೆಳಗ ಇವೇನ್ರಿ? ಹುರಳಿಕಾಳಿನ್ಹಂಗ, ಎರಡು?"

"ಕಿಡ್ನಿ. ಮಿದುಳಿಗೆ ಹೋದ ಕಣ ಕಿಡ್ನಿಗೂ ಹೋಗ್ತಾವ."

"ಎರಡೂ ಕಾಣಾಕತ್ತಾವ?"

ಡಾಕ್ಟರ್ ನಕ್ಕರು. "ದೇವರು ಎರಡ ಕೊಟ್ಟಾನಲ್ರಿ."

ಅನ್ನಪೂರ್ಣಾ ನಗಲಿಲ್ಲ. ಶವಪರೀಕ್ಷೆಯ ವರದಿಯ ಒಂದು ಸಾಲು ಅವಳ ಕಣ್ಣ ಮುಂದೆ ಬಂದಿತ್ತು. ಬಲಗಡೆಯ ಮೂತ್ರಪಿಂಡ ಇಲ್ಲ. ಹಳೆಯ ಶಸ್ತ್ರಚಿಕಿತ್ಸೆಯ ಗಾಯದ ಗುರುತು ಇದೆ. ಮಡಿವಾಳೆಪ್ಪ ಸಾವುಕಾರರು ಎಷ್ಟೋ ವರ್ಷಗಳ ಹಿಂದೆ ಒಡಹುಟ್ಟಿದ ತಮ್ಮ ನಿಂಗರಾಜನಿಗೆ ಒಂದು ಕಿಡ್ನಿ ಕೊಟ್ಟಿದ್ದರು. ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಆ ವಿಷಯ ಗೊತ್ತಿಲ್ಲದ ಹಮಾಲನಿಲ್ಲ.

"ಡಾಕ್ಟರ್, ಕಿಡ್ನಿ ತಗದಿದ್ರ ಅಲ್ಲಿ ಬೆಳಕು ಬರ್ತದೇನು?"

ಅಂಬರೀನರ ನಗು ನಿಂತಿತು. ಅವರು ಪರದೆಯನ್ನು ನೋಡಿದರು, ಇವಳನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು. "ಇಲ್ಲದ್ದು ಹೊಳಿಯೂದಿಲ್ರಿ," ಎಂದರು ಮೆಲ್ಲಗೆ. "ಇಲ್ಲಿ ಮಲಗಿದಾಂವ ನಿಮ್ಮ ಸಾವುಕಾರ ಅಲ್ಲ."

ಎತ್ತಿದ ಕಲ್ಲು ತಿರುಗಿ ಬಂದು ಅದೇ ಜಾಗದಲ್ಲಿ ಕುಳಿತಿತು. ಸಾವುಕಾರರ ಶ್ವಾಸಕೋಶ ಗಟ್ಟಿಯಾಗಿದ್ದರೆ ಸಣ್ಣ ಗುಳ್ಳೆ ಅವರನ್ನು ಕೊಲ್ಲುತ್ತಿರಲಿಲ್ಲ. ದೊಡ್ಡ ಸಿರಿಂಜಿನ ತುಂಬ ಗಾಳಿ ತುಂಬಿ, ಕೈಯಿಂದ ಒತ್ತಿ ಬಿಡಬೇಕಾಗಿತ್ತು. ಅದು ಕೈತಪ್ಪಲ್ಲ, ಕೊಲೆ. ಖಾಲಿದ್‌ನನ್ನು ಉಳಿಸಲೆಂದು ಬಂದವಳು ಅವನ ಕುತ್ತಿಗೆಯ ಹಗ್ಗವನ್ನು ತಾನೇ ಬಿಗಿದಿದ್ದಳು.

"ಇನ್ನೊಂದು ಮಾತು ಕೇಳ್ರಿ," ಎಂದರು ಡಾಕ್ಟರ್. "ಇಂವ ಯಾರರೆ ಇರಲಿ, ಲಗೂನ ಹುಡುಕ್ರಿ. ರಕ್ತದ ಸಣ್ಣ ಗಡ್ಡಿ ದಾಟಿದ್ರ ಲಕ್ವಾ. ಹಲ್ಲಿನ ಕೀವು ದಾಟಿದ್ರ ಮಿದುಳಿನಾಗ ಬಾವು. ಆ ಕಳ್ಳದಾರಿ ಮುಚ್ಚಾಕ ತಾರೀಖು ಕೊಟ್ಟಿದ್ವಿ. ಬರಲೇ ಇಲ್ಲ."

"ಸಾವುಕಾರರು ಸತ್ತ ಮ್ಯಾಲೆ ಅವರ ಹೆಸರಿಲೆ ಯಾರ್ ಬರ್ತಾರ್ರಿ?"

ಸ್ಕ್ಯಾನ್ ಮಾಡಿದ್ದ ತಂತ್ರಜ್ಞ ಬಾಳುವನ್ನು ಕರೆಸಿದರು. ಅವನಿಗೆ ಚೆನ್ನಾಗಿ ನೆನಪಿತ್ತು. "ಪ್ರಾಯದಾಂವ ರೀ. ಇಲ್ಲಿ ಐವತ್ತರ ಮ್ಯಾಲೆ ವಯಸ್ಸು ಐತಲ್ಲೋ ಅಂದೆ. ನಮ್ಮ ಮನಿ ರೊಟ್ಟಿ ಗುಣ ರೀ ಅಂದು ನಕ್ಕ. ಎದ್ದು ನಿಂತ್ರ ತುಟಿ ನೀಲಿ ಆಗ್ತಿತ್ತು. ಮಲಗಿದ್ರ ಆರಾಮ. ಎಲ್ಲಾರೂ ಮಲಗಿದ್ರ ದಮ್ಮ ಹತ್ತತೈತಿ ಅಂತಾರ, ಇಂವ ಉಲ್ಟಾ. ಉಗುರೆಲ್ಲಾ ಡೊಳ್ಳಿನ ಬಡಿಗಿ ತುದಿಗತೆ ಉಬ್ಬಿದ್ವು."

"ಕೂಡ ಯಾರಿದ್ರು?"

"ಅವರವ್ವ. ಮಡಿವಾಳೆಪ್ಪ, ಮಡಿವಾಳೆಪ್ಪ ಅಂತ ನಾ ಕೂಗಾಕತ್ತೇನಿ, ಆಕಿ ಸುಮ್ಮನ ಕುಂತಾಳ. ಆಮ್ಯಾಲೆ ಮಗನ ಭುಜ ಅಲಗಾಡಿಸಿ, ಉಮ್ಯಾ, ಏಳೋ, ನಿನ್ನ ಪಾಳಿ ಬಂತು ಅಂದ್ಲು!"

ಖಾಲಿದ್‌ನ ತಮ್ಮನ ಹೆಸರು ಉಮೇರ. ಮಡಿವಾಳೆಪ್ಪ ಸಾವುಕಾರರ ಟೆಂಪೋ ಓಡಿಸುತ್ತಿದ್ದವನು.

* * *

ಜೀಪು ಸವದತ್ತಿ ದಾಟಿ, ಉಮೇರನ ಊರಿಗೆಂದು ರಾಮದುರ್ಗದ ಕಡೆ ಹೊರಳಿತು. ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿದ್ದ ಡ್ರೈವರ್ ದುಂಡಪ್ಪನಿಗೆ ಮೌನ ಆಗಿಬರುತ್ತಿರಲಿಲ್ಲ.

"ನನ್ನ ಅದರಾಗ ಮಲಗಿಸಿದ್ರ ಬರೇ ಚುರಮುರಿ ಮಿರ್ಚಿನ ಹೊಳೀತಾವ ನೋಡ್ರಿ, ಮೇಡಂ."

"ದುಂಡಪ್ಪ, ಆ ಕಿಡ್ನಿ ಮಾತು ನಾ ಕೇಳಬಾರದಿತ್ತೇನು?"

ಅವನು ಒಂದು ಟ್ರ್ಯಾಕ್ಟರನ್ನು ಹಿಂದೆ ಹಾಕಿದ. "ಕೇಳದಿದ್ರ ರಾತ್ರಿ ನಿಮಗ ನಿದ್ದಿ ಬರತಿದ್ದಿಲ್ಲ. ಕೇಳಿದ್ದಕ್ಕ ಇನ್ಯಾರದೋ ನಿದ್ದಿ ಹೋತು. ಇಷ್ಟ ಫರಕು."

ಅದು ಸಮಾಧಾನವೋ ಚುಚ್ಚೋ ಅವಳಿಗೆ ತಿಳಿಯಲಿಲ್ಲ. ಅವಳನ್ನು ಕೊರೆಯುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. ಈ ಚಿತ್ರವನ್ನು ಠಾಣೆಗೆ ತಂದುಕೊಟ್ಟವರು ಸಾವುಕಾರರ ಹೆಂಡತಿ ಗುರುಬಸವ್ವ. ಬಿಳಿ ಸೀರೆಯ ಸೆರಗು ಹೊದ್ದು ಬಂದು, "ಆ ಹುಡುಗ ಬೇಕಂತ ಮಾಡಿಲ್ರಿ, ನಮ್ಮವರ ಶ್ವಾಸಕೋಶದಾಗ ಮದಲ ದೋಷ ಇತ್ತು," ಎಂದು ಟೇಬಲ್ಲಿನ ಮೇಲೆ ಇಟ್ಟು ಹೋಗಿದ್ದರು. ಗಂಡನನ್ನು ಕಳೆದುಕೊಂಡರೂ ನ್ಯಾಯ ಬಿಡದ ಹೆಂಗಸು ಎಂದು ಅನ್ನಪೂರ್ಣಾ ಎದ್ದು ನಿಂತು ಕೈಮುಗಿದಿದ್ದಳು.

ಗಂಡನ ಹೊಟ್ಟೆಯ ಮೇಲಿನ ಗಾಯ ಹೆಂಡತಿಗೆ ಗೊತ್ತಿಲ್ಲದೆ ಇರುತ್ತದೆಯೇ?

* * *

ಸುರೇಬಾನದ ತನ್ನ ಮನೆಯ ಪಡಸಾಲೆಯಲ್ಲಿ ಉಮೇರ ಹೊರಸಿನ ಮೇಲೆ ಅಂಗಾತ ಮಲಗಿದ್ದ. ಪೊಲೀಸರನ್ನು ಕಂಡು ಎದ್ದು ಕುಳಿತ. ಕುಳಿತದ್ದೇ ತಡ, ತುಟಿಗಳ ಮೇಲೆ ನೇರಳೆ ಹಣ್ಣು ತಿಂದವರ ಬಣ್ಣ ಏರಿತು.

"ಮಲಕೋ," ಎಂದಳು ಅನ್ನಪೂರ್ಣಾ. "ಮಲಕೊಂಡ ಮಾತಾಡು. ನಿನ್ನ ಚಿತ್ರ ನೋಡಿ ಬಂದೇನಿ."

ಉಮೇರ ಕಣ್ಣು ಮುಚ್ಚಿಕೊಂಡ. ಅಡುಗೆಮನೆಯಿಂದ ಅವನ ತಾಯಿ ಕಾಶಿಂಬಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಯಾವ ಚಿತ್ರ ರೀ, ಬಾಯಾರ? ಖಾಲಿದ್‌ನ ಬಿಡ್ತಾರಂತಲ್ಲ ನಾಳೆ? ವಕೀಲರು ಹಂಗ ಅಂದ್ರು. ಚಾ ಮಾಡ್ತೇನಿ, ಕುಂದರ್ರಿ."

"ಚಾ ಬ್ಯಾಡಬೇ. ಆ ಚಿತ್ರ ಸಾವುಕಾರರದಲ್ಲ ಅಂತ ನಿಮಗೂ ಗೊತ್ತದ."

ಕಾಶಿಂಬಿ ಬಾಗಿಲಿನ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕದ ಅರ್ಧ ಮುಂದೂಡಿದಳು.

"ಹ್ಯಾಂಗ ತಿಳೀತು?"

"ಸಾವುಕಾರರಿಗೆ ಒಂದ ಕಿಡ್ನಿ. ಚಿತ್ರದಾಗ ಎರಡದಾವ."

"ನೀವು ಎಣಿಸಿದ್ರಿ," ಎಂದಳು ಕಾಶಿಂಬಿ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು. "ನೀವ ಎಣಿಸಿದ್ರಿ, ಬ್ಯಾರೆ ಯಾರ್ ಎಣಸ್ತಾರ? ಜಜ್ಜ ಸಾಹೇಬರು ಎಣಸ್ತಾರೇನು? ನಾಳೆ ಒಂದಿನ ಬಾಯಿ ಮುಚ್ಚಿಕೊಂಡಿರ್ರಿ, ನಿಮ್ಮ ಪಾದಕ್ಕ ಬೀಳ್ತೇನಿ. ನನ್ನ ಹಿರೇಮಗ ಮನೀಗೆ ಬರ್ತಾನ."

"ಕಿರೇಮಗ?"

"ಅವಗೇನಾಗೈತಿ? ಉಬ್ಬಸ. ಚಳಿಗಾಲ ಹೋತಂದ್ರ ತಾನ ಕಡಿಮಿ ಆಗ್ತದ ಅಂದಾರಂತ ಡಾಕ್ಟರು."

ಅನ್ನಪೂರ್ಣಾ ಉಮೇರನ ಮುಖ ನೋಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ತಾಯಿಗೆ ಅವನು ಹೇಳಿರಲಿಲ್ಲ.

"ಕಾರ್ಡು ಯಾರ್ ಕೊಟ್ರು?" ಎಂದು ಅವಳು ಮಾತು ಬದಲಿಸಿದಳು.

"ಸಾವುಕಾರ್ರ ಕೊಟ್ರು ರೀ." ಉಮೇರ ಸೂರಿನ ಕಡೆ ನೋಡುತ್ತ ಹೇಳಿದ. "ವ್ಯಾಪಾರಸ್ಥರ ಸಂಘದ ವಿಮಾ ಕಾರ್ಡು. ಫೋಟೋ ಇಲ್ಲ ಅದರಾಗ. 'ನಾ ಒಂದ್ಸಲ ದವಾಖಾನಿಗೆ ಹೋಗಿ ಒಂದು ಕಿಡ್ನಿ ಬಿಟ್ಟು ಬಂದೇನಿ, ಇನ್ನ ಹೋಗೂದಿಲ್ಲ. ನನ್ನ ಹೆಸರಿಲೆ ನೀ ಹೋಗಿ ಬಾರೋ,' ಅಂದ್ರು. ಅವರ ಹೆಸರು ಹೊತ್ಕೊಂಡು ಹೋದೆ. ಅವರು ಸತ್ರು, ನಾನೂ ಅಲ್ಲಿ ಸತ್ಹಂಗ ಆತು."

"ನಿನ್ನ ಚಿತ್ರ ಗುರುಬಸವ್ವಾರ ಕೈಗೆ ಹ್ಯಾಂಗ ಹೋತು?"

ಉಮೇರ ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಹೊರಗೆ ದುಂಡಪ್ಪ ಯಾರದೋ ಆಡನ್ನು ಜೀಪಿನಿಂದ ದೂರ ಓಡಿಸುತ್ತಿದ್ದ ಸದ್ದು ಕೇಳಿತು.

"ಉಮೇರ, ಆಕಿ ಸುಳ್ಳು ಕಾಗದ ತಂದು ನನ್ನ ಟೇಬಲ್ ಮ್ಯಾಲೆ ಇಟ್ಟಾಳ. ನಿಮ್ಮಣ್ಣನ್ನ ಉಳಿಸಾಕ ಆಕಿಗೇನು ಬಿದ್ದೈತಿ?"

"ಅಣ್ಣನ್ನ ಉಳಿಸಾಕಲ್ರಿ," ಎಂದ ಉಮೇರ. ಹೇಳಿ, ಹೇಳಬಾರದಿತ್ತು ಎನ್ನುವಂತೆ ತುಟಿ ಕಚ್ಚಿದ.

ಅನ್ನಪೂರ್ಣಾ ಕಾಯ್ದಳು. ಬೆದರಿಸುವುದು ಅವಳಿಗೆ ಬರುತ್ತಿರಲಿಲ್ಲ. ಹಿರಿಯ ಅಧಿಕಾರಿಗಳು ಅದಕ್ಕೇ ಅವಳನ್ನು ಮೆತ್ತನ್ನ ಪಿಎಸ್‌ಐ ಎನ್ನುತ್ತಿದ್ದರು. ಕಾಯುವುದು ಬರುತ್ತಿತ್ತು.

"ಆವತ್ತ ಅಣ್ಣ ಸಲೈನ್ ಹಚ್ಚಿದ. ಸಾವುಕಾರ್ರು ನಗಾಕತ್ತಿದ್ರು. ಅಣ್ಣ ಇನ್ನೊಬ್ರ ಮನೀಗೆ ಹೋದ. ನಾ ಟೆಂಪೋ ಕೀಲಿ ತರಾಕ ಒಳಗ ಹೋದೆ. ಸಾವುಕಾರ್ರಿಗೆ ಜೊಂಪು ಹತ್ತಿತ್ತು. ಸಣ್ಣ ಸಾವುಕಾರ್ರು ಬಾಜೂಕ ನಿಂತಿದ್ರು."

"ನಿಂಗರಾಜ?"

"ಹೌದ್ರಿ. ಕೈಯಾಗ ದೊಡ್ಡ ಸಿರಿಂಜು. ಸಲೈನ್ ನಳಿಗೆ ಹಚ್ಚಿ ಒತ್ತಾಕತ್ತಿದ್ರು. ಒಳಗ ಏನೂ ಇರಲಿಲ್ಲ. ಖಾಲಿ. ಖಾಲಿ ಸಿರಿಂಜು ಯಾಕ ಒತ್ತಾಕತ್ತಾರ ಅಂತ ನಾ ವಿಚಾರ ಮಾಡಲಿಲ್ರಿ. ಏನೋ ಔಷಧ ಇದ್ದೀತು ಅಂದ್ಕೊಂಡೆ. ಕೀಲಿ ತಗೊಂಡೆ, ಹೊರಗ ಬಂದೆ." ಅವನು ಸೂರಿನಿಂದ ಕಣ್ಣು ಕಿತ್ತು ಅವಳನ್ನು ನೋಡಿದ. "ಹೊರಗ ಬಂದೆ ರೀ."

ಕಾಶಿಂಬಿ ನೆಲದ ಮೇಲೆ ಕುಳಿತುಬಿಟ್ಟಳು.

"ಅಣ್ಣನ್ನ ಹಿಡದ ಮ್ಯಾಲೆ ಗುರುಬಸವ್ವಾರ ಹಂತೇಕ ಹೋಗಿ ಇದ್ದದ್ದು ಹೇಳಿದೆ. ಅವರು ಅಳಲಿಲ್ಲ. 'ನಿಂಗರಾಜನ ಹೊಟ್ಯಾಗ ನಿಮ್ಮ ಸಾವುಕಾರ್ರ ಕಿಡ್ನಿ ಐತಿ, ಉಮ್ಯಾ. ನನ್ನ ಗಂಡಂದು ಜೀವಂತ ಉಳದಿದ್ದು ಅದೊಂದ. ಅಂವ ಜೈಲಿಗೆ ಹೋದ್ರ ಔಷಧ ತಪ್ಪಿ ಅದೂ ಸಾಯ್ತದ. ನನ್ನ ಕೈಲೆ ಎರಡನೇ ಸಲ ಮಣ್ಣ ಮಾಡಸಬ್ಯಾಡ,' ಅಂದ್ರು. ಆಮ್ಯಾಲೆ ಆ ಚಿತ್ರದ ನೆನಪ ತಾವ ಮಾಡಿದ್ರು. 'ನಮ್ಮವರ ಹೆಸರಿಲೆ ತಗಸಿದ ಚಿತ್ರ ತಾ. ನಿಮ್ಮಣ್ಣನೂ ಉಳೀತಾನ, ನನ್ನ ಮೈದುನನೂ ಉಳೀತಾನ. ನೀ ಬಾಯಿ ಬಿಡಬ್ಯಾಡ, ಆ ದವಾಖಾನಿ ಕಡೆ ಹಾಯಬ್ಯಾಡ,' ಅಂದ್ರು."

"ದವಾಖಾನಿಗೆ ಹೋಗೂದಿಲ್ಲ ಅಂತ ಒಪ್ಪಿದಿ?"

"ಹೋದ್ರ ಇನ್ನೊಮ್ಮೆ ಚಿತ್ರ ತಗೀತಾರ್ರಿ. ಅದೂ ಇದೂ ಒಬ್ಬಂದ ಅಂತ ಗೊತ್ತಾಗತೈತಿ. ಅಣ್ಣ ಸಿಕ್ಕೊಂಡ ಬೀಳ್ತಾನ."

ಈಗ ಅನ್ನಪೂರ್ಣಾಳಿಗೆ ಸುಮ್ಮನಿರುವುದು ಆಗಲಿಲ್ಲ. ತಾಯಿಯ ಕಡೆ ತಿರುಗಿ, ಡಾಕ್ಟರ್ ಹೇಳಿದ್ದನ್ನು ಹೇಳಿದಳು. ಉಬ್ಬಸವಲ್ಲ. ಲಕ್ವಾ ಆಗಬಹುದು, ಮಿದುಳಿನಲ್ಲಿ ಬಾವು ಆಗಬಹುದು, ಇವತ್ತೂ ಆಗಬಹುದು.

ಕಾಶಿಂಬಿ ಎದ್ದಳು. ಹೊರಸಿನ ಹತ್ತಿರ ಹೋಗಿ ಮಗನ ಕೆನ್ನೆಗೆ ಹೊಡೆದಳು. ಹೊಡೆದ ಕೈಯಿಂದಲೇ ಅವನ ತಲೆಯನ್ನು ಎದೆಗೆ ಅವಚಿಕೊಂಡಳು.

"ಉಬ್ಬಸ ಅಂದಿ ನನಗ? ಅಡಸೋಗಿ ಕಷಾಯ ಕುದಿಸಿ ಕುದಿಸಿ ಕುಡಿಸಿದೆನಲ್ಲೋ, ಹುಚ್ಚೀಹಂಗ!"

"ಅಮ್ಮೀ, ನಾ ಹೆಂಗೂ ಅರ್ಧ ಮನಷ್ಯಾ. ಅಣ್ಣ ಪೂರ್ತಿ ಅದಾನ. ಅಂವ ಮನೀಗೆ ಬರಲಿ."

"ಬಾಯಿ ಮುಚ್ಚು. ನಾ ತಕ್ಕಡಿ ಹಿಡಕೊಂಡು ಹಡದಿಲ್ಲ ನಿಮ್ಮನ್ನ."

 ಅನ್ನಪೂರ್ಣಾ ತನ್ನ ಮುಂದಿದ್ದ ದಾರಿಗಳನ್ನು ಒಂದೊಂದಾಗಿ ತುಳಿದು ನೋಡಿದಳು. ಚಿತ್ರವನ್ನು ಹಾಗೇ ಇಟ್ಟರೆ ಅಣ್ಣ ಮನೆಗೆ ಬರುತ್ತಾನೆ, ತಮ್ಮ ಹೊರಸಿನ ಮೇಲೆ ಸಾಯುತ್ತಾನೆ, ನಿಂಗರಾಜ ಅಂಗಡಿಯ ಗಾದಿಯ ಮೇಲೆ ಕೂರುತ್ತಾನೆ. ಚಿತ್ರವನ್ನು ತೆಗೆದರೆ ಉಮೇರನ ಬಾಯಿಮಾತೊಂದೇ ಉಳಿಯುತ್ತದೆ. ಆರೋಪಿಯ ತಮ್ಮ, ಸಾವುಕಾರರ ಹೆಸರಿನಲ್ಲಿ ಮೋಸ ಮಾಡಿದವನು, ಇಷ್ಟು ದಿನ ಬಾಯಿ ಬಿಡದವನು. ಅಂಥವನ ಮಾತನ್ನು ಯಾರು ನಂಬುತ್ತಾರೆ? ಆದರೂ ಅದೊಂದು ಎಳೆ. ಹಿಡಿದರೆ ಸಿರಿಂಜು ಎಲ್ಲಿ ಕೊಂಡರು, ಯಾವಾಗ ಕೊಂಡರು ಎಂದು ಹುಡುಕಬಹುದು.

"ಇದ್ದದ್ದು ಇದ್ಹಂಗ ಹೇಳ್ತೀಯೇನು, ಉಮೇರ? ಜಜ್ಜರ ಮುಂದ? ನಾ ಈಗ ನಿನ್ನ ದವಾಖಾನಿಗೆ ಒಯ್ಯತೇನಿ. ನಿನ್ನ ಹೆಸರಿಲೆ. ಅಲ್ಲಿಂದನ ಹೇಳಿಕಿ ಕೊಡು."

ಉಮೇರ ತಾಯಿಯ ಮುಖ ನೋಡಿದ.

"ಹೋಗು," ಎಂದಳು ಕಾಶಿಂಬಿ. "ಹಿರ್ಯಾ ಒಳಗಿದ್ರೂ ಉಸರಾಡ್ತಿರ್ತಾನ. ನೀ ಹೊರಗಿದ್ದು ಉಸರ ಬಿಟ್ರ ನಾ ಏನ್ ಮಾಡ್ಲಿ? ಖರೇನ ಹೇಳು. ಮುಂದಿಂದು ಅಲ್ಲಾಹ್ ನೋಡ್ಕೊಳ್ತಾನ."

ದುಂಡಪ್ಪ ಮತ್ತು ಅನ್ನಪೂರ್ಣಾ ಇಬ್ಬರೂ ಸೇರಿ ಅವನನ್ನು ಎತ್ತಿ ಜೀಪಿನ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಕಾಶಿಂಬಿ ಬುರ್ಖಾ ಹಾಕಿಕೊಂಡು ಬಂದು ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವನ ತುಟಿಗಳ ನೀಲಿ ಮೆಲ್ಲಗೆ ಇಳಿಯಿತು.

ಅಷ್ಟರಲ್ಲಿ ಅನ್ನಪೂರ್ಣಾಳ ಫೋನ್ ರಿಂಗಾಯಿತು. ಠಾಣೆಯಿಂದ ಹೆಡ್ ಕಾನ್‌ಸ್ಟೆಬಲ್ ರಾಚವ್ವ.

"ಮೇಡಂ, ನೀವು ತ್ರಾಸ ತಗೋಳೂದ ಬ್ಯಾಡ ಬಿಡ್ರಿ. ಕೇಸ್ ಮುಗೀತು."

"ಏನಂದಿ?"

"ಖಾಲಿದ್ ಒಪ್ಪಿಕೊಂಡಾನ್ರಿ. ಜೈಲಿನಿಂದ ತಾನ ಕಾಗದ ಕಳಿಸಿದ್ನಂತ, ಜಜ್ಜರ ಮುಂದ ಮಾತಾಡೂದೈತಿ ಅಂತ. ಇವತ್ತ ಕರಸಿದ್ರು. ವಿಚಾರ ಮಾಡಪಾ ಅಂತ ಭಾಳ ಹೊತ್ತು ಒಬ್ಬನ್ನ ಕುಂದ್ರಿಸಿದ್ರಂತ. ಒಂದ ಮಾತಿಗೆ ನಿಂತಾನ. ದೊಡ್ಡ ಸಿರಿಂಜಿಲೆ ನಾನ ಗಾಳಿ ಬಿಟ್ಟೆ, ಸಾವುಕಾರ್ರ ಮ್ಯಾಲೆ ಸಿಟ್ಟಿತ್ತು ಅಂದಾನ. ಬರಕೊಂಡು ಸಹಿ ಮಾಡಿಸ್ಯಾರ."

 ಜಜ್ಜರ ಮುಂದೆ ಬರೆಸಿದ ಮಾತು. ಇನ್ನು ಉಮೇರ ಬಾಯಿ ಬಿಟ್ಟರೆ, ಅಣ್ಣನನ್ನು ಬಿಡಿಸಲು ತಮ್ಮ ಕಟ್ಟಿದ ಕಥೆ ಎಂದು ಮಗುವೂ ಹೇಳೀತು.

"ಇನ್ನೊಂದು ಏನಂದಾನ ಅಂದ್ರ, ಆ ಸ್ಕ್ಯಾನಿನ ಚಿತ್ರಕ್ಕೂ ಈ ಕೇಸಿಗೂ ಸಂಬಂಧಿಲ್ಲ, ಅದನ್ನ ಯಾರೂ ನೋಡೂದು ಬ್ಯಾಡ, ತಗದು ಒಗೀರಿ ಅಂತ. ಸಣ್ಣ ಸಾವುಕಾರ್ರು ಇಲ್ಲೇ ಠಾಣಾದಾಗ ಪೇಢೆ ಹಂಚಾಕತ್ತಾರ್ರಿ. ನಿಮ್ಮ ಪಾಲಿಂದು ತಗದಿಟ್ಟೇನಿ."

ಮೂರು ದಿನದ ಹಿಂದೆ ಅನ್ನಪೂರ್ಣಾ ಜೈಲಿಗೆ ಹೋಗಿದ್ದಳು. ಯಾರೂ ಹೋಗೆಂದಿರಲಿಲ್ಲ. ಒಳಗಿರುವವನಿಗೆ ಸ್ವಲ್ಪ ಧೈರ್ಯವಾಗಲಿ ಎಂದು ತಾನಾಗಿ ಹೋಗಿ, ಸಾವುಕಾರರ ಶ್ವಾಸಕೋಶದ ಚಿತ್ರ ಸಿಕ್ಕಿದೆ, ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆ, ನೀನು ಉಳಿದೆ ಎಂದು ಸಂತೋಷದಿಂದ ಹೇಳಿದ್ದಳು. ಖಾಲಿದ್ ಸಂತೋಷಪಡಲಿಲ್ಲ. ಕಂಬಿಯ ಆಚೆಯಿಂದ ಒಂದೇ ಒಂದು ಮಾತು ಕೇಳಿದ್ದ:

"ಅದರಾಗ ಹೊಟ್ಟಿನೂ ಕಾಣ್ತದೇನ್ರಿ?"

ಎಲ್ಲಾ ಕಾಣ್ತದ, ಏನೂ ಚಿಂತಿ ಮಾಡಬ್ಯಾಡ ಎಂದು ಅವಳು ನಕ್ಕು ಬಂದಿದ್ದಳು. ಅದು ತಮ್ಮನ ಚಿತ್ರವೆಂದು ಖಾಲಿದ್‌ಗೆ ಆಗಲೇ ಹೊಳೆದಿತ್ತು; ಯಾರಾದರೂ ಕಿಡ್ನಿ ಎಣಿಸಿ ತಮ್ಮನನ್ನು ಹಿಡಿಯುವ ಮೊದಲೇ ಕೊಲೆಯನ್ನು ತನ್ನ ಮೇಲೆ ಎಳೆದುಕೊಂಡಿದ್ದ.

"ಯಾರ ಫೋನ್ರಿ, ಬಾಯಾರ?" ಕಾಶಿಂಬಿ ಜೀಪಿನೊಳಗಿಂದ ಕೇಳಿದಳು. "ಖಾಲಿದ್‌ನ ಸುದ್ದಿ ಏನರೆ?"

ಉಮೇರನೂ ತಾಯಿಯ ತೊಡೆಯ ಮೇಲಿಂದ ಕತ್ತೆತ್ತಿ ನೋಡಿದ. "ಮೇಡಂ, ನನಗ ಮದಲ ಕೋರ್ಟಿಗೆ ಕರಕೊಂಡು ನಡೀರಿ. ದವಾಖಾನಿ ಆಮ್ಯಾಲೆ. ಅಣ್ಣ ಏನರೆ ಹುಚ್ಚುತನ ಮಾಡೋದ್ರಾಗ ನಾ ಹೇಳಬೇಕು."